ದೊಡ್ಡಪ್ಪ ಓಡುತ್ತಿದೆ, ಅಪ್ಪ ಕಾಯುತ್ತಿದೆ

ಮಾನ್ಯ ಜಾಣ ನೀರಾವರಿ ನಿಯಂತ್ರಕರೇ,

ಹಿತ್ತಿಲ ಮೋಟರು ಕೋಣೆಯ ಗೋಡೆಯ ಮೇಲೆ, ಹಿಂದೆ ಹರಕು ಛತ್ರಿ ನೇತುಹಾಕುತ್ತಿದ್ದ ಮೊಳೆಯ ಪಕ್ಕದಲ್ಲಿ, ಹಸಿರು ದೀಪವೊಂದನ್ನು ಮಿಟುಕಿಸುತ್ತ ವಿರಾಜಮಾನರಾಗಿರುವ ತಮಗೆ ಈ ಮನೆಯ ಮಗಳು ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂಬುದು ಆ ದೀಪದಿಂದಲೇ ತಿಳಿಯುತ್ತದೆ. ನಾವು ಕ್ಷೇಮವೋ ಅಲ್ಲವೋ ಎಂದು ವಿಚಾರಿಸುವ ಗುಂಡಿ ತಮ್ಮ ಮೈಮೇಲೆ ಎಲ್ಲಿಯೂ ಕಾಣದ ಕಾರಣ, ಆ ವಿಷಯವನ್ನು ನಾನೇ ಮೇಲೆ ಬಿದ್ದು ತಿಳಿಸಬೇಕಾಗಿ ಬಂದಿದೆ. ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರುವುದಕ್ಕೆ ಕ್ಷಮೆಯಿರಲಿ. ತಾವು ನಮ್ಮದನ್ನು ಹಾಳುಮಾಡಿದ ಪ್ರಮಾಣಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಮೊದಲು ನನ್ನ ಪರಿಚಯ. ನಾನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಪಾಠಪುಸ್ತಕ, ಬ್ಯಾಂಕಿನ ವಾರ್ಷಿಕ ವರದಿ, ಕೆಮ್ಮಿನ ಔಷಧಿಯ ಜೊತೆ ಮಡಚಿಡುವ ಸಣ್ಣ ಅಕ್ಷರದ ಕಾಗದ, ಎಲ್ಲವೂ ನನ್ನ ಮೇಜಿನ ಮೇಲಿಂದ ಹಾದು ಹೋಗುತ್ತವೆ. ಹಗಲೆಲ್ಲ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತೇನೆ, ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ ಎಂಬುದು ಅಮ್ಮನ ದೂರು. ಇಂಥವಳ ಕೈಗೆ ತಮ್ಮ ಸಂದೇಶಗಳು ಸಿಕ್ಕಿದ್ದು ತಮ್ಮ ದುರದೃಷ್ಟವೋ ನನ್ನದೋ ಎಂಬುದನ್ನು ಮುಂದೆ ತಾವೇ ತೀರ್ಮಾನಿಸಬಹುದು.

ತಾವು ನೀರುಣಿಸುವ ತೋಟ ಒಂದೇ ಆದರೂ ಅದರ ಸುತ್ತ ಮನೆಗಳು ಎರಡು. ಒಂದು ದೊಡ್ಡಪ್ಪನದು, ಇನ್ನೊಂದು ಅವರ ತಮ್ಮನದು, ಎಂದರೆ ನನ್ನ ಅಪ್ಪನದು. ಇಬ್ಬರ ನಡುವೆ ಹುಟ್ಟಿದ ನನ್ನ ಅತ್ತೆ ಹಿಂಬದಿಯ ಒಂಟಿ ಕೋಣೆಯಲ್ಲಿ ಇರುತ್ತಾರೆ; ಹುಟ್ಟಿದಾಗಿನಿಂದಲೂ ಇಬ್ಬರ ನಡುವೆಯೇ ಇದ್ದಾರೆ ಎಂದರೂ ತಪ್ಪಿಲ್ಲ. ದೊಡ್ಡಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು, ಈಗ ತಮ್ಮ ಮನೆಯ ಮುಂದಿನ ಹುಲ್ಲುಹಾಸನ್ನು ಹೊತ್ತುಹೊತ್ತಿಗೆ ಕಾಯುತ್ತಾರೆ. ಅಪ್ಪನಿಗೆ ಕನ್ನಡಕದ ಅಂಗಡಿಯಿದೆ, ಮನೆಗೆ ಬಂದರೆ ಗುಲಾಬಿಗಳೇ ಪ್ರಪಂಚ. ಊರಿಗೆಲ್ಲ ಕನ್ನಡಕ ಕೊಡುವ ಅವರು ತಮ್ಮದನ್ನು ಮಾತ್ರ ದಿನವೂ ಅಂಗಡಿಯ ಗಲ್ಲೆಯ ಮೇಲೆ ಮರೆತು ಬರುತ್ತಾರೆ. ಈ ಹುಲ್ಲಿಗೂ ಆ ಗುಲಾಬಿಗೂ ಮಧ್ಯದಲ್ಲಿ ಅತ್ತೆಯ ಪಾತಿ: ಟೊಮೇಟೊ, ಬದನೆ, ಕೋಲಿಗೆ ಹಬ್ಬಿಸಿದ ಹುರುಳಿಕಾಯಿ ಬಳ್ಳಿ.

ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿವೆ. ಕಾರಣ ಒಂದು ಏಣಿ. ಅಪ್ಪನ ಏಣಿಯನ್ನು ದೊಡ್ಡಪ್ಪ ಎರವಲು ತೆಗೆದುಕೊಂಡು ಹೋಗಿ, ಹಿಂದಿರುಗಿಸುವಾಗ ಒಂದು ಮೆಟ್ಟಿಲು ಇರಲಿಲ್ಲ. ಅಪ್ಪ "ಮೆಟ್ಟಿಲೆಲ್ಲಿ?" ಎಂದರು. ದೊಡ್ಡಪ್ಪ "ಏಣಿ ಮೆಟ್ಟಿಲು ಎಣಿಸಿ ಇಟ್ಕೊಳ್ಳೋ ತಮ್ಮ ನನಗೆ ಬೇಡ" ಎಂದರು. ಮುಗಿಯಿತು. ಅಮ್ಮ ಮತ್ತು ದೊಡ್ಡಮ್ಮ ಈ ಜಗಳವನ್ನು ಕಿವಿಗೇ ಹಾಕಿಕೊಳ್ಳದೆ ಇಂದಿಗೂ ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು ಕೂತು ಹರಟುತ್ತಾರೆ. ಗಂಡಸರು ಮಾತ್ರ ಏನಾದರೂ ಹೇಳಬೇಕಾದರೆ ಅತ್ತೆಯ ಮೂಲಕ ಹೇಳಿಸುತ್ತಾರೆ. "ಹಿಂದಿನ ಗೇಟು ಕಿರುಗುಡ್ತಿದೆ ಅಂತ ನಿನ್ನ ತಮ್ಮನಿಗೆ ಹೇಳು" ಎಂದು ದೊಡ್ಡಪ್ಪ ಹೇಳುವಾಗ ಆ ತಮ್ಮ ಅದೇ ಗೇಟಿಗೆ ಒರಗಿಕೊಂಡು ನಿಂತಿರುತ್ತಾರೆ.

ತಾವು ಬರುವುದಕ್ಕೆ ಮೊದಲು ತಮ್ಮ ಹುದ್ದೆಯಲ್ಲಿ ಅತ್ತೆಯೇ ಇದ್ದರು. ಬೆಳಗಾಗುತ್ತಲೇ ಮೋಟರು ಹಾಕಿ, ನೆಲದಲ್ಲಿ ಹೂತ ವಾಲ್ವುಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದನ್ನು ಬಿಗಿದು ಇನ್ನೊಂದನ್ನು ಸಡಿಲಿಸಿ, ಒಂದು ದಿನ ಅಣ್ಣನಿಗೆ ಮೊದಲು, ಮಾರನೆಯ ದಿನ ತಮ್ಮನಿಗೆ ಮೊದಲು ಎಂದು ನೀರು ಬಿಡುತ್ತಿದ್ದರು. ಯಾರೂ ತುಟಿ ಪಿಟಕ್ ಎನ್ನುತ್ತಿರಲಿಲ್ಲ. ಆಮೇಲೆ ಅತ್ತೆಯ ಮೊಣಕಾಲು ಕೈಕೊಟ್ಟಿತು. ಡಾಕ್ಟರು ನೆಲಕ್ಕೆ ಕೂರುವುದೇ ಬೇಡ ಎಂದರು. ಆಗ, ಏಣಿಯ ನಂತರ ಮೊದಲ ಬಾರಿಗೆ, ಅಣ್ಣತಮ್ಮಂದಿರು ಸೇರಿ ಒಂದು ವಸ್ತು ಕೊಂಡರು. ಆ ವಸ್ತುವೇ ತಾವು. ಅಂಗಡಿಯವನಿಗೆ ಇಬ್ಬರೂ ಬೇರೆಬೇರೆಯಾಗಿ ಒಂದೇ ಷರತ್ತು ಹಾಕಿದ್ದರಂತೆ: "ನನಗೆ ಮೊದಲೂ ಬೇಡ, ಅವನಿಗೆ ಮೊದಲೂ ಬೇಡ. ಇಬ್ಬರಿಗೂ ಒಟ್ಟಿಗೆ ಬರಬೇಕು." ಅಂಗಡಿಯವನು ಎದೆಯ ಮೇಲೆ ಕೈಯಿಟ್ಟು, ತೋಟದಲ್ಲಿ ಎಷ್ಟು ವಲಯವಿದ್ದರೂ ಒಟ್ಟಿಗೆ ಓಡಿಸುತ್ತದೆ ಎಂದ. ತಮ್ಮನ್ನು ಮೆಚ್ಚಿ ಮಾತಾಡಿದ ಮೊದಲ ಮನುಷ್ಯ ಅವನು, ಕೊನೆಯವನೂ ಅವನೇ.

ಗೋಡೆಯೇರಿದ ಕೂಡಲೇ ತಾವು ಪ್ರತಿ ವಲಯಕ್ಕೂ ಒಂದು ಹೆಸರು ಕೇಳಿದಿರಿ. 'ಹುಲ್ಲುಹಾಸು', 'ಗುಲಾಬಿ' ಎಂದು ಬರೆಯಬಹುದಿತ್ತು, ನಿಜ. ಆದರೆ ನಮ್ಮ ಮನೆಯಲ್ಲಿ ಹಾಗೆ ಯಾರೂ ಹೇಳುವುದಿಲ್ಲ. "ದೊಡ್ಡಪ್ಪನಿಗೆ ಬಿಟ್ಟೆಯಾ?" "ಅಪ್ಪನಿಗೆ ಸಾಕು, ನಿಲ್ಲಿಸು" ಎಂದೇ ರೂಢಿ. ಹಾಗಾಗಿ ನಾನು ದೊಡ್ಡಪ್ಪ, ಅಪ್ಪ, ಅತ್ತೆ ಎಂದು ಬರೆದೆ, ಮನೆಯವರೆಲ್ಲರ ಫೋನುಗಳನ್ನೂ ತಮಗೆ ಜೋಡಿಸಿದೆ, ತಮ್ಮ ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆ. ಈ ಮೂರು ಕೆಲಸಗಳನ್ನು ಒಂದೇ ದಿನ ಮಾಡಬಾರದು ಎಂಬ ಎಚ್ಚರಿಕೆಯನ್ನು ತಮ್ಮ ಪೆಟ್ಟಿಗೆಯ ಮೇಲೆ ಕೆಂಪು ಅಕ್ಷರದಲ್ಲಿ ಅಚ್ಚುಹಾಕಿಸಬೇಕೆಂಬುದು ನನ್ನ ಮೊದಲ ಮನವಿ.

ಏಕೆಂದರೆ ಮರುದಿನ ಬೆಳಿಗ್ಗೆ ಎಲ್ಲರ ಫೋನೂ ಒಟ್ಟಿಗೆ ಟಿಣ್ ಎಂದಿತು. "ದೊಡ್ಡಪ್ಪ ಓಡುತ್ತಿದೆ." ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೂತಿದ್ದ ದೊಡ್ಡಪ್ಪನಿಗೆ ಸ್ವತಃ ತಾವೇ ಓಡುತ್ತಿರುವ ವಿಷಯ ಹಾಗೆ ತಿಳಿಯಿತು. ಓಡುತ್ತಿರುವುದಕ್ಕೆ ಅವರ ಆಕ್ಷೇಪವಿರಲಿಲ್ಲ. "ಓಡುತ್ತಿದೆ ಅಂದ್ರೆ ಏನರ್ಥ? ನಾನೇನು ದನವಾ?" ಎಂಬುದು ಅವರ ಪ್ರಶ್ನೆಯಾಗಿತ್ತು. ಒಂದು ಡಿಪೋವನ್ನೇ ಶಿಳ್ಳೆಯಲ್ಲಿ ಆಳಿದ ಮನುಷ್ಯನಿಗೆ ನಪುಂಸಕಲಿಂಗದ ಕ್ರಿಯಾಪದ ಅಂಟಿಸುವ ಧೈರ್ಯ ತಮಗೆ ಹೇಗೆ ಬಂತೋ ತಿಳಿಯದು. ಬಹುವಚನವೆಂಬುದು ಕನ್ನಡದಲ್ಲಿ ಎಣಿಕೆಗಷ್ಟೇ ಇರುವುದಲ್ಲ, ಒಬ್ಬರೇ ಇದ್ದರೂ ಹಿರಿಯರಾದರೆ ಕೊಡಬೇಕು ಎಂಬುದನ್ನು ನಮ್ಮಲ್ಲಿ ಮಾತು ಕಲಿಯುವ ಮಕ್ಕಳಿಗೇ ಹೇಳಿಕೊಟ್ಟಿರುತ್ತಾರೆ. ಮಾನ್ಯರೇ, ತಮಗೆ ಮೋಡದ ತೇವಾಂಶ ಅಳೆಯಲು ಬರುತ್ತದೆ, ದೊಡ್ಡಪ್ಪನಿಗೆ "ಓಡುತ್ತಿದ್ದಾರೆ" ಎನ್ನಲು ಬರುವುದಿಲ್ಲ.

ಇನ್ನೊಂದು ದಿನ ನಾನು ಅಚ್ಚುಕೂಟದಲ್ಲಿ ಕೂತಿದ್ದಾಗ "ಅತ್ತೆ ಮುಗಿದಿದೆ" ಎಂದು ಕಳಿಸಿದಿರಿ. ಕೈಲಿದ್ದ ಕೆಂಪು ಪೆನ್ನನ್ನು ಹಿಡಿದುಕೊಂಡೇ ಓಡಿ ಮನೆಗೆ ಬಂದರೆ, ಮುಗಿದಿದ್ದ ಅತ್ತೆ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. "ಯಾಕೆ, ಇಷ್ಟು ಬೇಗ ಬಿಟ್ಟುಬಿಟ್ರಾ?" ಎಂದು ಕೇಳಿದರು. ನಾನು ಅವರನ್ನು ತಬ್ಬಿಕೊಂಡು ಅತ್ತೆ. ಈ ಕೊನೆಯ ವಾಕ್ಯದಲ್ಲಿರುವ 'ಅತ್ತೆ' ಕ್ರಿಯಾಪದವೇ ಹೊರತು ವಲಯವಲ್ಲ ಎಂದು ಸ್ಪಷ್ಟಪಡಿಸುತ್ತೇನೆ; ಇಲ್ಲವಾದರೆ ತಾವು ಅದಕ್ಕೂ ನೀರು ಬಿಟ್ಟೀರಿ.

ಆದರೆ ಭಾಷೆಯ ವಿಷಯದಲ್ಲಿ ನಾನು ತಮ್ಮನ್ನು ಕ್ಷಮಿಸಿದ್ದೆ. ಕ್ಷಮಿಸಲಾಗದೆ ಹೋದದ್ದು ಸರದಿಯ ವಿಷಯ. ಒಟ್ಟಿಗೆ ಬಿಡುತ್ತೇನೆಂದು ಬಂದ ತಾವು, ಬಂದ ಮೇಲೆ ಒಂದಾದ ನಂತರ ಒಂದು ಎಂದು ಬಿಡತೊಡಗಿದಿರಿ. ಮೇಲಾಗಿ ಅದನ್ನು ಊರಿಗೆಲ್ಲ ಸಾರಿದಿರಿ. "ದೊಡ್ಡಪ್ಪ ಓಡುತ್ತಿದೆ. ಅಪ್ಪ ಸರದಿಯಲ್ಲಿ ಕಾಯುತ್ತಿದೆ." ಇದನ್ನು ಓದಿದ ಅಪ್ಪನ ಮುಖ ಗಂಟಾಯಿತು. "ಅವನ ಹಿಂದೆ ನಾನು ಕಾಯ್ತಾ ನಿಂತಿದ್ದೀನಿ ಅಂತ ಡಂಗುರ ಹೊಡೀತಿದೆಯಲ್ಲ ನಿನ್ನ ಡಬ್ಬಿ" ಎಂದು ನನ್ನ ಮೇಲೆ ಹರಿಹಾಯ್ದರು. ಸರದಿಯನ್ನು ತಿರುಗಿಸಿದೆ. "ಅಪ್ಪ ಓಡುತ್ತಿದೆ. ದೊಡ್ಡಪ್ಪ ಸರದಿಯಲ್ಲಿ ಕಾಯುತ್ತಿದೆ." ಈಗ ಆ ಕಡೆಯಿಂದ ದೊಡ್ಡಪ್ಪ: "ನಾನು ಬಸ್ಸುಗಳನ್ನ ಕಾಯಿಸಿದವನು. ನನ್ನನ್ನ ಯಾವ ಬಸ್ಸೂ ಕಾಯಿಸಿಲ್ಲ." ಅತ್ತೆ ವಾಲ್ವು ತಿರುಗಿಸುತ್ತಿದ್ದಾಗಲೂ ಇಬ್ಬರಲ್ಲಿ ಒಬ್ಬರು ಕಾಯುತ್ತಲೇ ಇದ್ದರು. ಕಾಯುತ್ತಿದ್ದೀರಿ ಎಂದು ಅತ್ತೆ ಮಾತ್ರ ಹೇಳುತ್ತಿರಲಿಲ್ಲ. ಜಾಣತನವೆಂದರೆ ಅದು ಎಂದು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಕೊನೆಗೆ ತಮ್ಮ ಹೊಟ್ಟೆಯೊಳಗೆ ಮೂರು ಬಾಗಿಲು ದಾಟಿ, ಹಲವು ವಲಯಗಳನ್ನು ಏಕಕಾಲಕ್ಕೆ ನಡೆಸುವ ಗುಂಡಿಯನ್ನು ಪತ್ತೆಮಾಡಿದೆ. ಅದನ್ನು ಒತ್ತಿದಾಗ ತಾವು ಕೇಳಿದ ಪ್ರಶ್ನೆಯನ್ನು ಒಂದಕ್ಷರ ಬದಲಿಸದೆ ಇಲ್ಲಿ ಕೊಡುತ್ತಿದ್ದೇನೆ: "ದೊಡ್ಡಪ್ಪ ಮತ್ತು ಅಪ್ಪ ಒಟ್ಟಿಗೆ ಓಡಿಹೋಗಲು ಅನುಮತಿಸುವಿರಾ?" ಪಕ್ಕದಲ್ಲಿದ್ದ ಅತ್ತೆಗೆ ಓದಿ ಹೇಳಿದೆ. ಅವರು ಬದನೆಯ ಹುಳ ತೆಗೆಯುತ್ತ ತಲೆಯೆತ್ತದೆಯೇ, "ಅನುಮತಿಸು ಮಗಾ. ಹೋಗ್ಲಿ ಇಬ್ರೂ, ಸ್ವಲ್ಪ ದಿನ ನೆಮ್ಮದಿಯಾಗಿರ್ತೀನಿ" ಎಂದರು. ನಾನು ಅನುಮತಿಸಿದೆ.

ಅಂದು ಬೆಳಿಗ್ಗೆ ಎರಡೂ ಜಗಲಿಗಳ ಮೇಲೆ ಒಂದೊಂದು ಕುರ್ಚಿ ಬಿತ್ತು. ಮೋಟರು ಗುರ್ರೆಂದಿತು. ಹುಲ್ಲಿನಲ್ಲೂ ಗುಲಾಬಿಯ ಬುಡದಲ್ಲೂ ಅವಿತಿದ್ದ ಸ್ಪ್ರಿಂಕ್ಲರುಗಳು ಮೇಲೆದ್ದು ಗಿರ್ರನೆ ತಿರುಗಬೇಕಿತ್ತು. ಅವು ಅರ್ಧ ಕತ್ತೆತ್ತಿ ನೋಡಿದವು, ಬಾಯಿ ಮುಕ್ಕಳಿಸಿ ಉಗಿದಷ್ಟು ನೀರನ್ನು ತಮ್ಮ ಪಾದದ ಮೇಲೆಯೇ ಸುರಿದುಕೊಂಡವು, ಮತ್ತೆ ಕೂತವು. ಒಂದು ಮೋಟರಿನ ನೀರು ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಪ್ರೆಷರ್ ಸಾಲದು ಎಂಬ ಸತ್ಯವನ್ನು ತಾವು ಆಗಲಾದರೂ ವಿನಯದಿಂದ ಹೇಳಬಹುದಿತ್ತು. ತಾವು ಹೇಳಿದ್ದು ಹೀಗೆ: "ದೊಡ್ಡಪ್ಪ ಮತ್ತು ಅಪ್ಪ ಒಟ್ಟಿಗೆ ಇರಲಾರವು." ಎರಡು ಜಗಲಿಗಳ ಮೇಲೂ ಫೋನು ಟಿಣ್ ಎಂದಿತು. ಇಬ್ಬರೂ ಓದಿದರು. ಇಬ್ಬರೂ ಎದ್ದು ಒಳಗೆ ಹೋದರು. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದು.

ಆ ವಾರವೇ ಇಟ್ಟಿಗೆ ಬಂತು. ತೋಟದ ಮಧ್ಯೆ ಗೋಡೆಯೆಬ್ಬಿಸಿ, ಆ ಕಡೆಗೊಂದು ಈ ಕಡೆಗೊಂದು ಮೋಟರು ಹಾಕಿಬಿಡುವುದೆಂದು ಇಬ್ಬರೂ ಅತ್ತೆಯ ಮೂಲಕವೇ ತೀರ್ಮಾನಿಸಿದರು. ಗಾರೆಯವರು ಬಂದು ಅಳೆದು, ಗೂಟ ನೆಟ್ಟು, ದಾರ ಕಟ್ಟಿದರು. ದಾರ ಎಲ್ಲಿ ಹಾದುಹೋಯಿತು ಎಂಬುದನ್ನು ತಾವು ಕಿಟಕಿಯಿಂದ ನೋಡಿರಬಹುದು. ನೆಟ್ಟಗೆ ಅತ್ತೆಯ ಪಾತಿಯ ಮೇಲೆ. ಟೊಮೇಟೊ ಆ ಕಡೆ, ಬದನೆ ಈ ಕಡೆ, ಹುರುಳಿಬಳ್ಳಿಯ ಕೋಲುಗಳಿರುವಲ್ಲಿಯೇ ಪಾಯ. ಅಣ್ಣನಿಗೂ ತಮ್ಮನಿಗೂ ಒಂದಿಂಚೂ ಹೆಚ್ಚುಕಡಿಮೆ ಆಗಬಾರದೆಂದು ಅಳೆದ ಆ ಗಾರೆಯವರದೂ ತಪ್ಪಲ್ಲ. ಅತ್ತೆ ದಾರ ಬಳ್ಳಿಗೆ ತಾಗದಂತೆ ಒಂದು ಕಡ್ಡಿ ಆನಿಸಿಟ್ಟರು, ಅಷ್ಟೆ. ಮಾತು ಬಿಟ್ಟ ಇಬ್ಬರ ಮಾತನ್ನೂ ಹೊತ್ತು ತಿರುಗಿದವರಿಗೆ ಉಳಿದದ್ದು ಆ ಪಾತಿಯೊಂದೇ. ಅದರ ಮೇಲೆ ಗೋಡೆ ಏಳುವುದಾದರೆ ಅದಕ್ಕೆ ಕಾರಣ ತಾವು ಎಂದು ನಾನು ಆಗ ನಂಬಿದ್ದೆ, ಈ ಪತ್ರದ ಮೊದಲ ಕರಡನ್ನು ಬರೆದದ್ದು ಆ ದಿನವೇ. ಅದರಲ್ಲಿ ನಾನು ಬಳಸಿದ ಕೆಲವು ವಿಶೇಷಣಗಳನ್ನು ಈ ಕರಡಿನಲ್ಲಿ ತೆಗೆದಿದ್ದೇನೆ.

ಗಾರೆಯವರು ಮುಂದಿನ ಸೋಮವಾರ ಪಾಯ ತೋಡುವುದಾಗಿ ಹೇಳಿ ಹೋದರು. ಅಷ್ಟರೊಳಗೆ ಏನಾದರೂ ಮಾಡಲೇಬೇಕೆಂದು ನಾನು ಪ್ಲಂಬರನನ್ನು ಕರೆಸಿದೆ. ನೀರು ಕಡಿಮೆ ಚೆಲ್ಲುವ ಸಣ್ಣ ನಾಝಲ್ ಹಾಕಿದರೆ ಎರಡೂ ಒಟ್ಟಿಗೆ ಏಳುತ್ತವೆ ಎಂದು ಅವನು ಹೇಳಿದ, ಎಲ್ಲ ಸ್ಪ್ರಿಂಕ್ಲರಿನ ತಲೆಯನ್ನೂ ಬದಲಿಸಿದ. ಆಮೇಲೆ, ತಾವು ಬಲ್ಲಿರಿ, ತಮ್ಮ ಮುಚ್ಚಳ ತೆಗೆದು ಒಳಗಿನ ತಂತಿಗಳನ್ನೆಲ್ಲ ಬಿಚ್ಚಿ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಗಿಸಿಕೊಂಡು ಇನ್ನೊಂದು ಮನೆಯ ಸೋರುವ ನಲ್ಲಿಯ ಬಗ್ಗೆ ಉಪದೇಶ ಮಾಡುತ್ತ, ಮತ್ತೆ ಸಿಕ್ಕಿಸಿದ. ಮೋಟರು ಹಾಕಿದೆವು. ಹುಲ್ಲಿನಲ್ಲೂ ಗುಲಾಬಿಯಲ್ಲೂ ಸ್ಪ್ರಿಂಕ್ಲರುಗಳು ಒಟ್ಟಿಗೆ ಎದ್ದವು, ಒಟ್ಟಿಗೆ ತಿರುಗಿದವು, ಒಟ್ಟಿಗೆ ಕೂತವು. ಹಲವು ವಲಯಗಳನ್ನು ಏಕಕಾಲಕ್ಕೆ ನಡೆಸುವ ತಮ್ಮ ಮಹಿಮೆಗೆ ನಾನು ಮನಸಾರೆ ಕೈಮುಗಿದೆ. ಇಟ್ಟಿಗೆಯ ರಾಶಿ ಮಾತ್ರ ಇದ್ದಲ್ಲಿಯೇ ಇತ್ತು. "ನೀರು ಬಂದ್ರೆ ಬರ್ಲಿ, ಗೋಡೆ ಗೋಡೆನೇ" ಎಂದು ಎರಡೂ ಮನೆಗಳಿಂದ ಉತ್ತರ ಬಂತು.

ಇದಾದ ಮೇಲೆ ತಮಗೆ ಹವಾಮಾನದ ಹುಚ್ಚು ಹಿಡಿಯಿತು. ಸುಡುವ ಬಿಸಿಲು, ಆಕಾಶದಲ್ಲಿ ಹತ್ತಿಯಷ್ಟು ಮೋಡವಿಲ್ಲ, ಅಂಥ ಬೆಳಗಿನಲ್ಲಿ "ಮಳೆ ಬರುವ ಸಂಭವವಿರುವುದರಿಂದ ಇಂದು ನೀರು ಇಲ್ಲ" ಎಂದು ಘೋಷಿಸಿದಿರಿ. ಮರುದಿನವೂ ಅದೇ. ಅದರ ಮರುದಿನವೂ ಅದೇ. ಮಳೆ ಬರುತ್ತದೆ ಎಂದು ತಮಗೆ ಹೇಳಿದವರು ಯಾರು? ಎಲ್ಲಿ ಬಂತು? ಅಲ್ಲಿಗೆ ನಾವೇ ಗಿಡಗಳನ್ನು ಹೊತ್ತುಕೊಂಡು ಹೋಗಲು ಸಿದ್ಧರಿದ್ದೆವು, ದಾರಿ ತಿಳಿಸಿದ್ದರೆ ಸಾಕಿತ್ತು. ಹುಲ್ಲು ಕಂದುಬಣ್ಣಕ್ಕೆ ತಿರುಗಿತು, ಗುಲಾಬಿಯ ಮೊಗ್ಗುಗಳು ಜೋತುಬಿದ್ದವು. ಅತ್ತೆ ಪಾತ್ರೆ ತೊಳೆದ ನೀರನ್ನು ಚೊಂಬಿನಲ್ಲಿ ತಂದು ತಮ್ಮ ಪಾತಿಗೆ ಹಾಕಿಕೊಂಡರು. ಸೋಮವಾರ ಅಗೆಯುವ ಪಾತಿಗೆ ನೀರೇಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶನಿವಾರ ಮಧ್ಯಾಹ್ನ ದೊಡ್ಡಪ್ಪ ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು. ದವಡೆ ಹಲ್ಲು ಕೀಳಿಸಿಕೊಳ್ಳಲು ಇಂಜೆಕ್ಷನ್ ಚುಚ್ಚಿಸಿಕೊಂಡು ಕಾಯುತ್ತ ಕೂತವರಿಗೆ ತಮ್ಮ ಹುಲ್ಲುಹಾಸಿನ ನೆನಪಾಗಿದೆ. ತಮ್ಮನಿಗೆ ತಿಳಿಯದ ಹಾಗೆ ಒಂದಿಷ್ಟು ನೀರು ತಾವೊಬ್ಬರೇ ಬಿಟ್ಟುಕೊಂಡರೆ ಯಾರಿಗೇನು ನಷ್ಟ ಎಂದು ಫೋನು ತೆಗೆದು 'ದೊಡ್ಡಪ್ಪ' ಎಂಬ ಗುಂಡಿಯನ್ನು ಒತ್ತಿದ್ದಾರೆ. ಒತ್ತಿದ್ದು ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡದ್ದು ಅವರ ಮುಗ್ಧತೆ. ತಾವು ಎಲ್ಲರ ಫೋನಿಗೂ ಸುದ್ದಿ ಮುಟ್ಟಿಸಿದಿರಿ: "ದೊಡ್ಡಪ್ಪ ಓಡುತ್ತಿದೆ. ನೀರು ಬಿಟ್ಟದ್ದು: ದೊಡ್ಡಪ್ಪ."

ಅಪ್ಪ ಊಟಕ್ಕೆ ಮನೆಗೆ ಬಂದವರು ಬಾಡಿದ ಗುಲಾಬಿಗಳ ಮಧ್ಯೆ ನಿಂತಿದ್ದರು. ನಾನು ರಜೆಯಲ್ಲಿದ್ದೆ, ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡಿದೆ. ಅಪ್ಪನ ಕಾಲ ಬುಡದಲ್ಲಿ ಸ್ಪ್ರಿಂಕ್ಲರು ಎದ್ದು ತಿರುಗಿತು. ದೊಡ್ಡಪ್ಪನ ಹುಲ್ಲಿನ ಮೇಲೆ ಒಂದು ಹನಿಯೂ ಬೀಳಲಿಲ್ಲ; ಅಪ್ಪನ ಗುಲಾಬಿಗಳು ನೆನೆದವು, ಅಪ್ಪನ ಪ್ಯಾಂಟು ಮೊಣಕಾಲವರೆಗೆ ನೆನೆಯಿತು. ಅವರು ಸರಿಯಲಿಲ್ಲ. ಕನ್ನಡಕವಿಲ್ಲದ ಕಣ್ಣಿಗೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಂಡಷ್ಟನ್ನು ಓದಿದರು. "ನೀರು ಬಿಟ್ಟದ್ದು: ದೊಡ್ಡಪ್ಪ." ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣ ಬಿಟ್ಟಿದ್ದಾನೆ. ಎಲ್ಲೋ ಕೂತ್ಕೊಂಡು ನನ್ನ ಗುಲಾಬಿಗೆ ನೀರು ಬಿಟ್ಟಿದ್ದಾನೆ" ಎಂದರು.

ಅಷ್ಟರಲ್ಲಿ ದೊಡ್ಡಪ್ಪ ಕರವಸ್ತ್ರವನ್ನು ಕೆನ್ನೆಗೊತ್ತಿಕೊಂಡು ಗೇಟು ತೆಗೆದು ಒಳಬಂದರು. ಅಪ್ಪ ನೆಟ್ಟಗೆ ಅವರತ್ತ ನಡೆದರು. ಗಾರೆಯವರ ದಾರ ಅಡ್ಡಬಂದಾಗ ಕಾಲೆತ್ತಿ ದಾಟಿದರು. "ನೀರು ಬಂತಣ್ಣ. ಗುಲಾಬಿ ಉಳೀತು" ಎಂದರು. ದೊಡ್ಡಪ್ಪ ತೊಟ್ಟಿಕ್ಕುತ್ತಿದ್ದ ಗುಲಾಬಿಗಳನ್ನು ನೋಡಿದರು, ತಮ್ಮ ಒಣ ಹುಲ್ಲನ್ನು ನೋಡಿದರು, ಕೈಯಲ್ಲಿದ್ದ ಫೋನನ್ನು ನೋಡಿದರು. ಅವರ ಬಾಯಿಂದ ಆಗ ಏನು ಹೊರಡಬಹುದಿತ್ತು ಎಂಬುದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಅರ್ಧ ಬಾಯಿ ಮರಗಟ್ಟಿತ್ತು, ಇನ್ನರ್ಧದಲ್ಲಿ ಹತ್ತಿಯಿತ್ತು. ತಮ್ಮನ ಮುಖ ನೋಡಿದ ಮೇಲೆ ಅವರಿಗೆ ಹೇಳಲಾದದ್ದು ಒಂದೇ ಮಾತು.

"ಹೂಂ."

"ಹಲ್ಲು ಕಿತ್ರಾ? ಮಾತಾಡ್ಬೇಡ, ಸುಮ್ನಿರು, ರಕ್ತ ಬರುತ್ತೆ" ಎಂದು ಅಪ್ಪ ಅವರ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿ, ಐಸು ತರಲು ನಮ್ಮ ಮನೆಯೊಳಗೆ ಓಡಿದರು. ತಮ್ಮ ವ್ಯಾಕರಣದಲ್ಲಿ ಹೇಳುವುದಾದರೆ, ಅಂದು ಅಪ್ಪ ನಿಜವಾಗಿಯೂ ಓಡಿತು. ಸಂಜೆ ದವಡೆಗೆ ಸ್ಪರ್ಶ ಬಂದ ಮೇಲೆ ಅತ್ತೆ ಕೇಳಿದರು: "ತಮ್ಮನ ಗಿಡಕ್ಕೆ ನೀರು ಬಿಟ್ಟೆಯಂತೆ?" ದೊಡ್ಡಪ್ಪ ತಮ್ಮ ಹುಲ್ಲಿನ ಕಡೆ ನೋಡುತ್ತ, "ಒಣಗಿತ್ತು, ಬಿಟ್ಟೆ. ಅದಕ್ಕೇನೀಗ?" ಎಂದರು. ಸೋಮವಾರ ಗಾರೆಯವರು ಬಂದಾಗ ಅಣ್ಣತಮ್ಮಂದಿರಿಬ್ಬರೂ ಗೇಟಿನಲ್ಲಿ ನಿಂತಿದ್ದರು. ಆ ಇಟ್ಟಿಗೆಯಿಂದಲೇ ಅತ್ತೆಯ ಪಾತಿಯ ಸುತ್ತ ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿದರು, ನೆಲಕ್ಕೆ ಬಾಗದೆ ಕೂತಲ್ಲಿಯೇ ಕಾಯಿ ಕೀಳಲು ಬರುವ ಹಾಗೆ. ಈಗ ಬೆಳಗಿನ ಕಾಫಿಯನ್ನು ಮೂವರೂ ಅದರ ಮೇಲೆಯೇ ಕೂತು ಕುಡಿಯುತ್ತಾರೆ.

ನಾನು ಕರಡು ತಿದ್ದುವವಳಾದ್ದರಿಂದ ಇಷ್ಟಕ್ಕೇ ಸುಮ್ಮನಾಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ತಮ್ಮ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. 'ಅತ್ತೆ' ಒತ್ತಿದರೆ ಅತ್ತೆಗೆ ನೀರು. 'ದೊಡ್ಡಪ್ಪ' ಒತ್ತಿದರೆ ಅಪ್ಪನ ಗುಲಾಬಿಗೆ. 'ಅಪ್ಪ' ಒತ್ತಿದರೆ ದೊಡ್ಡಪ್ಪನ ಹುಲ್ಲಿಗೆ. ಪ್ಲಂಬರನು ಕಿವಿಗೆ ಫೋನು ಸಿಗಿಸಿಕೊಂಡು ತಂತಿಗಳನ್ನು ಅದಲುಬದಲು ಮಾಡಿದ್ದ. ಎರಡೂ ಒಟ್ಟಿಗೆ ಓಡುವಾಗ ಈ ತಪ್ಪು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಒಬ್ಬರು ಗುಟ್ಟಾಗಿ ತಮಗೊಬ್ಬರಿಗೇ ನೀರು ಬಿಟ್ಟುಕೊಳ್ಳಲು ಹೋದಾಗ ಮಾತ್ರ ಅದು ಇನ್ನೊಬ್ಬರ ಪಾಲಾಗುತ್ತದೆ. ಇಷ್ಟು ಚೆನ್ನಾದ ಏರ್ಪಾಡನ್ನು ಬೇಕೆಂದು ಯೋಚಿಸಿ ಮಾಡಲು ನಮ್ಮ ಮನೆಯಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ, ತಮ್ಮಿಂದಲಂತೂ ಆಗುತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ತಪ್ಪೆಂದು ಗೀಟು ಹಾಕಿದ ಪದವನ್ನು ಎರಡನೆಯ ಸಲ ಓದುವಾಗ ಅದೇ ಚೆನ್ನಾಗಿದೆ ಎನ್ನಿಸಿದರೆ, ಅದರ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತೇವೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಆ ಗುರುತನ್ನು ಬಳಸಿದ್ದು ತೀರ ಕಡಿಮೆ, ತಪ್ಪುಗಳು ಸಾಮಾನ್ಯವಾಗಿ ತಪ್ಪುಗಳೇ ಆಗಿರುತ್ತವೆ. ಇಂದು ತಮ್ಮ ಮುಚ್ಚಳ ತೆಗೆದು, ಅದಲುಬದಲಾದ ಆ ಎರಡು ತಂತಿಗಳ ಕೆಳಗೆ ಕೆಂಪು ಪೆನ್ನಿನಿಂದ ಚುಕ್ಕಿಗಳನ್ನಿಟ್ಟಿದ್ದೇನೆ.

ಆದ್ದರಿಂದ ದೂರಿನಿಂದ ಆರಂಭವಾದ ಈ ಪತ್ರವನ್ನು ಬೇಡಿಕೆಯಲ್ಲಿ ಮುಗಿಸುತ್ತೇನೆ. ದಯವಿಟ್ಟು ತಾವು ಇನ್ನು ಮುಂದೆ ಸುಧಾರಿಸಬೇಡಿ. ಮೇಲಿಂದ ಯಾವ ಹೊಸ ತಿಳಿವಳಿಕೆ ಇಳಿದುಬಂದರೂ ಸ್ವೀಕರಿಸಬೇಡಿ. ತಂತಿ ಅದಲುಬದಲಾಗಿದೆ ಎಂದು ಯಾವತ್ತಾದರೂ ಅನುಮಾನ ಬಂದರೆ ನುಂಗಿಕೊಳ್ಳಿ. ಎಲ್ಲರ ಫೋನಿಗೂ ಟಿಣ್ ಎನ್ನಿಸುವ ಆಸೆಯನ್ನು ಆ ಒಂದು ವಿಷಯದಲ್ಲಿ ಅದುಮಿಟ್ಟುಕೊಳ್ಳಿ. ಬದಲಿಗೆ, ನಾನು ತಮ್ಮ ವ್ಯಾಕರಣವನ್ನು ತಿದ್ದುವುದಿಲ್ಲ. ದೊಡ್ಡಪ್ಪ ಓಡುತ್ತಿರಲಿ, ಅಪ್ಪ ಕಾಯುತ್ತಿರಲಿ, ಅತ್ತೆ ದಿನಕ್ಕೊಮ್ಮೆ ಮುಗಿಯುತ್ತಿರಲಿ. ಈ ಬಹಿರಂಗ ಪತ್ರವನ್ನು ತಮ್ಮ ಮುಚ್ಚಳದ ಒಳಬದಿಗೆ ಅಂಟಿಸುತ್ತಿದ್ದೇನೆ. ಈ ಗುಟ್ಟು ನನಗೂ ತಮಗೂ ಬಿಟ್ಟು ಮೂರನೆಯವರಿಗೆ ತಿಳಿಯಬಾರದಾದ್ದರಿಂದ, ಇದಕ್ಕಿಂತ ಹೆಚ್ಚು ಬಹಿರಂಗಪಡಿಸಲು ಅನುಕೂಲವಿಲ್ಲ.

ತಮ್ಮ ಒತ್ತಡ ಎಂದೂ ಇಳಿಯದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
'ಅಪ್ಪ' ವಲಯದ ಏಕೈಕ ಪುತ್ರಿ

ತಾಜಾ ಕಲಂ: ಪತ್ರ ಅಂಟಿಸಲು ಹೊರಟಾಗ ಗೇಟಿನ ಬಳಿ ಪ್ಲಂಬರನ ಸ್ಕೂಟರು ಕಂಡಿತು. ತಂತಿಯಲ್ಲೇನೋ ತಪ್ಪಾಗಿದೆಯೆಂದು ಅವನಿಗೇ ನೆನಪಾಗಿ ಸರಿಮಾಡಲು ಬಂದಿದ್ದಾನೆಂದು ತಿಳಿದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಹೋಗಿ ಬೇಡವೆಂದೆ. ಅವನು ಹೆಲ್ಮೆಟ್ಟು ಹಾಕಿಕೊಳ್ಳುತ್ತ, "ನೀವೂನಾ ಅಕ್ಕ? ಹೋದ ವಾರ ಬಂದಾಗ ದೊಡ್ಡ ಯಜಮಾನ್ರು ಗೇಟಿಂದಲೇ ವಾಪಸ್ ಕಳಿಸಿದ್ರು. ಮೊನ್ನೆ ಚಿಕ್ಕ ಯಜಮಾನ್ರು, 'ಅಣ್ಣನಿಗೆ ನೀರು ಬಿಡೋಣ ಅಂತ ಒತ್ತಿದ್ರೆ ನನ್ನ ಗಿಡಕ್ಕೇ ಬಂತು, ಆದ್ರೂ ನೀನು ಮುಟ್ಬೇಡ' ಅಂತ ಫೋನ್ ಮಾಡಿದ್ರು. ಈಗ ಒಳಗೆ ಹೋದ್ರೆ ನಿಮ್ಮತ್ತೆ ಕೈಗೆ ಬದನೆಕಾಯಿ ಕೊಟ್ಟು ಕಳಿಸ್ತಿದ್ದಾರೆ. ಎಲ್ರದೂ ಒಂದೇ ಮಾತು, ತಂತಿ ಹೇಗಿದೆಯೋ ಹಾಗೇ ಇರ್ಲಿ ಅಂತ" ಎಂದು ಹೊರಟುಹೋದ. ಹೀಗಾಗಿ, ಮಾನ್ಯರೇ, ಈ ಮನೆಯಲ್ಲಿ ಇನ್ನೂ ವಿಷಯ ತಿಳಿಯದೆ ಉಳಿದಿರುವವರು ಜಾಣರಾದ ತಾವೊಬ್ಬರೇ.